ಉಪ್ಪನ್ನು ಹೊರಗಟ್ಟುವ ಹೃದಯ

ಇಲಿಯ ಹೃದಯದ ಮೇಲಿನ ಎರಡು ಕೋಣೆಗಳನ್ನು ಅರೆದು, ಸಾರ ತೆಗೆದು, ಇನ್ನೊಂದು ಇಲಿಯ ರಕ್ತನಾಳಕ್ಕೆ ಚುಚ್ಚಿದರೆ ಏನಾದೀತು? 1981ರಲ್ಲಿ ಕೆನಡಾದ ಕಿಂಗ್‌ಸ್ಟನ್ ನಗರದಲ್ಲಿ ಅಡಾಲ್ಫೊ ದಿ ಬೋಲ್ಡ್ ಮತ್ತು ಸಂಗಡಿಗರು ಅದನ್ನೇ ಮಾಡಿ ನೋಡಿದರು. ಇಲಿ ಧಾರೆಧಾರೆಯಾಗಿ ಮೂತ್ರ ಹೊಯ್ಯತೊಡಗಿತು! ಮೂತ್ರ ಹತ್ತು ಪಟ್ಟಾಯಿತು. ಅದರೊಡನೆ ಹೊರಬಿದ್ದ ಸೋಡಿಯಂ ಮೂವತ್ತು ಪಟ್ಟಿಗೂ ಮಿಕ್ಕು. ಕೆಳಕೋಣೆಗಳ ಸಾರ ಕೊಟ್ಟಾಗ ಮಾತ್ರ ಏನೂ ಆಗಲಿಲ್ಲ. ಮೇಲಿನ ಕೋಣೆಗಳ ಜೀವಕೋಶಗಳೊಳಗೆ ಸಣ್ಣ ಕಣಗಳಿರುವುದು 1956ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಂಡಿತ್ತು. ಅವು ಯಾಕಿವೆ ಎಂಬ ಒಗಟು ಬಿಡಿಸಲು ಕಾಲು ಶತಮಾನ ಹಿಡಿಯಿತು. ಅವು ಹಾರ್ಮೋನಿನ ಉಗ್ರಾಣ! ರಕ್ತ ತುಂಬಿ ಗೋಡೆ ಹಿಗ್ಗಿದ ಕೂಡಲೇ ಹೃದಯ ಈ ಹಾರ್ಮೋನನ್ನು ಬಿಡುತ್ತದೆ, ಅದು ಮೂತ್ರಪಿಂಡಕ್ಕೆ ಹೋಗಿ ಉಪ್ಪನ್ನು ಹೊರಗೆ ಹಾಕಿಸುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಹೊರಡುತ್ತದೆ. ದಿನಕ್ಕೆ ಲಕ್ಷ ಸಲ ಬಡಿಯುವ ಅಂಗವೇ ನಾವು ಉಂಡ ಉಪ್ಪಿನ ಲೆಕ್ಕವನ್ನೂ ಇಟ್ಟುಕೊಂಡಿದೆ!

ಇದನ್ನು ತಿಳಿದ ಮೇಲೆ ನನಗೆ ದೇವದುರ್ಗ ತಾಲ್ಲೂಕಿನ ಮಸರಕಲ್‌ನಂಥ ಊರಿನ ಊಟದ ತಾಟು ಬೇರೆಯಾಗಿಯೇ ಕಾಣುತ್ತಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮಾವಿನಕಾಯಿ ಉಪ್ಪಿನಕಾಯಿ, ಅಂಚಿಗೆ ಒಂದು ಚಿಟಿಕೆ ಉಪ್ಪು. ಆ ಚಿಟಿಕೆಯ ಹಿಂದೆ ಹೋದರೆ ಎಂಥ ಕಥೆ ತೆರೆದುಕೊಳ್ಳುತ್ತದೆ!

‘ಹಾರ್ಟ್ ವೀಕ್ ಆಗ್ಯಾದ’ ಎಂದು ನಮ್ಮ ಕಡೆ ಹೇಳುವ ಕಾಯಿಲೆಯಲ್ಲಿ ಹೃದಯ ನಿಂತುಹೋಗಿರುವುದಿಲ್ಲ, ತಳ್ಳುವ ಬಲ ಕುಂದಿರುತ್ತದೆ, ಅಥವಾ ಗೋಡೆ ಬಿಗಿದು ಸರಿಯಾಗಿ ತುಂಬಿಕೊಳ್ಳಲಾರದಾಗಿರುತ್ತದೆ. ಮೂತ್ರಪಿಂಡಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ. ಪಾಪ, ಅದಕ್ಕೆ ಹೃದಯ ಕಾಣುವುದಿಲ್ಲವಲ್ಲ! ರಕ್ತ ಕಡಿಮೆ ಬಂತೆಂದರೆ ಮೈಗೆ ಗಾಯವಾಗಿ ಸೋರಿದೆ, ಇಲ್ಲವೇ ನೀರಿಲ್ಲದೆ ಬಳಲಿದೆ ಎಂದೇ ಅದು ತಿಳಿಯುತ್ತದೆ. ಕೂಡಲೇ ರೆನಿನ್ ಬಿಡುತ್ತದೆ. 1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊಲದ ಮೂತ್ರಪಿಂಡದಿಂದ ತೆಗೆದ ವಸ್ತು ಅದು. ಅದರ ಹಿಂದೆಯೇ ಅಲ್ಡೊಸ್ಟಿರೋನ್ ಏಳುತ್ತದೆ. ಒಂದೊಂದು ಕಣ ಉಪ್ಪನ್ನೂ ಬಿಡದೆ ಹಿಡಿದಿಡು ಎಂಬುದೇ ಅದರ ಆಜ್ಞೆ. ಬೇಟೆಯಾಡುತ್ತ, ಬರಗಾಲದಲ್ಲಿ ಅಲೆಯುತ್ತ ಇದ್ದ ಪೂರ್ವಜರ ಜೀವ ಉಳಿಸಿದ ಏರ್ಪಾಡು ಇದೇ. ದಣಿದ ಹೃದಯ ಇತ್ತ ‘ಬಿಡು, ಬಿಡು’ ಎಂದು ಹಾರ್ಮೋನಿನ ಮೇಲೆ ಹಾರ್ಮೋನು ಕಳಿಸುತ್ತದೆ, ಮೂತ್ರಪಿಂಡ ಕೇಳಿಸಿಕೊಳ್ಳುವುದಿಲ್ಲ. ಉಸಿರಾಡಲು ಕಷ್ಟವೆಂದು ಆಸ್ಪತ್ರೆಗೆ ಹೋದವರಿಗೆ ಮಾಡಿಸುವ ಬಿಎನ್‌ಪಿ ರಕ್ತಪರೀಕ್ಷೆ ಅಳೆಯುವುದು ಹೃದಯದ ಈ ಕೂಗನ್ನೇ! ಕೂಗು ಜೋರಾದಷ್ಟೂ ಹೃದಯ ಸಂಕಟದಲ್ಲಿದೆ ಎಂದರ್ಥ.

ಈಗ ಒಂದು ಸಲೈನ್ ಬಾಟಲಿ ನೋಡಿ. ಅರ್ಧ ಲೀಟರಿನ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪಿರುತ್ತದೆ, ಯಾಕೆಂದರೆ ನಮ್ಮ ರಕ್ತದ ಉಪ್ಪಿನಂಶಕ್ಕೆ ಅದೇ ಹೊಂದುವ ಪ್ರಮಾಣ. ಮೈ ಈ ಪ್ರಮಾಣವನ್ನು ಬಿಟ್ಟುಕೊಡುವುದಿಲ್ಲ. ಅಂದರೆ, ಹೊರಹೋಗದೆ ಉಳಿದ ಪ್ರತಿ ಒಂಬತ್ತು ಗ್ರಾಂ ಉಪ್ಪು ಸುಮಾರು ಒಂದು ಲೀಟರ್ ನೀರನ್ನು ತನ್ನೊಡನೆ ಇಟ್ಟುಕೊಳ್ಳುತ್ತದೆ! ಒಂದು ಲೀಟರ್ ಎಂದರೆ ಒಂದು ಕಿಲೋ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬಸಿಗಾಲುವೆ ಮುಚ್ಚಿಹೋದ ಗದ್ದೆ ಸವಳು-ಜವಳಾಗುವುದನ್ನು ಕಂಡವರಿಗೆ ಈ ಜೋಡಿ ಹೊಸದಲ್ಲ: ಉಪ್ಪೂ ನೀರೂ ಒಟ್ಟಿಗೇ ಉಳಿಯುತ್ತವೆ. ಮೈಯಲ್ಲಿ ಅದು ಕಾಲಿನ ಬಾವಾಗಿ ಕಾಣುತ್ತದೆ, ಶ್ವಾಸಕೋಶದಲ್ಲೂ ತುಂಬಿಕೊಳ್ಳುತ್ತದೆ. ರಾತ್ರಿ ಎರಡು ದಿಂಬು ಇಟ್ಟರೂ ದಮ್ಮು ಹತ್ತಿ ಎದ್ದು ಕೂರುವ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ಆದ್ದರಿಂದಲೇ ದಿನಾ ಬೆಳಗ್ಗೆ ಮೂತ್ರ ಹೋಗಿಬಂದು, ಉಣ್ಣುವ ಮೊದಲು ತೂಕ ನೋಡಿಕೊಳ್ಳಿ ಎನ್ನುತ್ತಾರೆ ವೈದ್ಯರು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಉಪ್ಪು ಬಿಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆಯೇ? ಇಲ್ಲಿ ಅನ್ನದ ಕಥೆ ಬರುತ್ತದೆ! ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು 1939ರಿಂದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೋಗಿಗಳಿಗೆ ಸಪ್ಪೆ ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. 1942ರಲ್ಲಿ ಒಬ್ಬ ರೈತ ಮಹಿಳೆಗೆ ಎರಡು ವಾರ ಬಿಟ್ಟು ಬರಲು ಹೇಳಿದರು. ಅವರ ಜರ್ಮನ್ ಧಾಟಿಯ ಇಂಗ್ಲಿಷ್ ಆಕೆಗೆ ತಿಳಿಯದೆ, ಎರಡು ತಿಂಗಳು ಅದನ್ನೇ ಉಂಡು ಬಂದಳು. ರಕ್ತದೊತ್ತಡ ಇಳಿದಿತ್ತು. ಎಕ್ಸ್‌ರೇಯಲ್ಲಿ ಹಿಗ್ಗಿದ್ದ ಹೃದಯ ಕುಗ್ಗಿತ್ತು! ರಕ್ತದೊತ್ತಡದ ಒಳ್ಳೆಯ ಗುಳಿಗೆಗಳಿಲ್ಲದ ಕಾಲದಲ್ಲಿ ಬರೀ ಅನ್ನ ಮಾಡಿದ ಕೆಲಸ ಅದು. ಮನೆಯಲ್ಲಿ ಯಾರೂ ಅನುಸರಿಸಬಾರದ ಪಥ್ಯ. ಕೆಂಪ್ನರ್ ಕಟ್ಟುನಿಟ್ಟಿನ ನಿಗಾದಲ್ಲಿ ಮಾಡಿಸುತ್ತಿದ್ದರು.

ಎಂಬತ್ತು ವರ್ಷದ ಮೇಲೆ, 2022ರಲ್ಲಿ, ‘ಸೋಡಿಯಂ-ಎಚ್‌ಎಫ್’ ಎಂಬ ಅಧ್ಯಯನದ ಫಲ ಬಂತು. ಆರು ದೇಶಗಳ 806 ಹೃದಯ ವೈಫಲ್ಯದ ರೋಗಿಗಳು. ಅರ್ಧ ಜನ ಸೋಡಿಯಂ ಕಡಿಮೆ ಮಾಡಿದರು, ಉಳಿದವರು ಎಂದಿನ ಸಲಹೆಯಂತೆ ಉಂಡರು. ಒಂದು ವರ್ಷದಲ್ಲಿ ಸಾವು, ಹೃದಯದ ಕಾರಣಕ್ಕೆ ಆಸ್ಪತ್ರೆ ಸೇರುವುದು, ತುರ್ತು ಚಿಕಿತ್ಸೆಗೆ ಓಡುವುದು ಎಲ್ಲ ಸೇರಿ ಮೊದಲ ಗುಂಪಿನಲ್ಲಿ ಶೇ 15, ಎರಡನೆಯದರಲ್ಲಿ ಶೇ 17. ಖಚಿತವಾಗಿ ಹೇಳಬಹುದಾದ ವ್ಯತ್ಯಾಸವಲ್ಲ. ಆದರೆ ಉಪ್ಪು ಕಡಿಮೆ ಮಾಡಿದವರ ದಣಿವು, ಉಸಿರಿನ ಕಷ್ಟ ಸ್ವಲ್ಪ ಹಗುರಾಗಿತ್ತು. ತಾವು ಯಾವ ಗುಂಪು ಎಂದು ರೋಗಿಗಳಿಗೆ ಗೊತ್ತಿದ್ದುದರಿಂದ ಇದನ್ನೂ ಎಚ್ಚರದಿಂದಲೇ ಓದಬೇಕು.

ಇದನ್ನು ಓದಿ ‘ಉಪ್ಪಿನಿಂದ ಏನೂ ಆಗುವುದಿಲ್ಲ’ ಎಂದವರುಂಟು. ನಾನು ಒಪ್ಪುವುದಿಲ್ಲ. ಅಂಕಿಗಳನ್ನು ಬಿಡಿಸಿ ನೋಡಿ! ಉಪ್ಪು ಕಡಿಮೆ ಮಾಡಿದ ಗುಂಪಿನವರು ಶುರುವಿನಲ್ಲೇ ದಿನಕ್ಕೆ ಐದೂಮುಕ್ಕಾಲು ಗ್ರಾಂನಷ್ಟು ಉಪ್ಪು ಮಾತ್ರ ತಿನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಗ್ರಾಂ ಮಿತಿಗೆ ಹತ್ತಿರ. ಅಲ್ಲಿಂದ ಇಳಿದದ್ದು ಸುಮಾರು ನಾಲ್ಕು ಗ್ರಾಂಗೆ. ಕೊನೆಗೆ ಎರಡೂ ಗುಂಪುಗಳ ನಡುವೆ ಇದ್ದ ಅಂತರ ಸುಮಾರು ಒಂದೇ ಗ್ರಾಂ. ನಮ್ಮ ದೇಶದಲ್ಲಿ 2017-18ರ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡ ಸರಾಸರಿಯೋ ದಿನಕ್ಕೆ ಎಂಟು ಗ್ರಾಂ! ಅವರು ಹೊರಟ ಜಾಗಕ್ಕೆ ಬರುವುದಕ್ಕೇ ನಾವು ಎರಡು ಗ್ರಾಂ ಇಳಿಯಬೇಕು.

ಇನ್ನು ಮಸರಕಲ್‌ನ ತಾಟಿಗೆ ಬರೋಣ. ಪಶ್ಚಿಮದ ದೇಶಗಳಲ್ಲಿ ಬಹುಪಾಲು ಉಪ್ಪು ಬ್ರೆಡ್ಡು, ಚೀಸು, ಡಬ್ಬಿ ಆಹಾರಗಳಲ್ಲಿ ಕಾರ್ಖಾನೆಯಿಂದಲೇ ಬಂದಿರುತ್ತದೆ. ತಿನ್ನುವವರ ಕೈಯಲ್ಲಿ ಹೆಚ್ಚೇನಿಲ್ಲ. ಇಲ್ಲಿ ನೋಡಿ: ಕುದಿನೀರಿಗೆ ಜೋಳದ ಹಿಟ್ಟು ಹಾಕಿ, ನಾದಿ, ಬಡಿಯುವ ರೊಟ್ಟಿಗೆ ಎಷ್ಟೋ ಮನೆಗಳಲ್ಲಿ ಉಪ್ಪೇ ಹಾಕುವುದಿಲ್ಲ! ಅನ್ನಕ್ಕೂ ಇಲ್ಲ. ಊಟದ ತಿರುಳು ಹುಟ್ಟಾ ಸಪ್ಪೆ. ಉಪ್ಪೆಲ್ಲ ಇರುವುದು ಅದರ ಪಕ್ಕದಲ್ಲಿ: ಚಟ್ನಿಪುಡಿಯಲ್ಲಿ, ಉಪ್ಪಿನಕಾಯಿಯಲ್ಲಿ, ಹಪ್ಪಳ ಸಂಡಿಗೆಯಲ್ಲಿ, ಸಂಜೆಯ ಮಿರ್ಚಿ ಭಜಿಯಲ್ಲಿ. ಭಜಿ ಹಿಟ್ಟಿಗೆ ಹಾಕುವ ಸೋಡಾವೂ ಸೋಡಿಯಮ್ಮೇ. ಸೈಂಧವ ಲವಣವೂ ಅದೇ ಉಪ್ಪು. ಅಂದರೆ ದೊಡ್ಡ ದೊಡ್ಡ ಪ್ರಯೋಗಶಾಲೆಗಳು ತಡಕಾಡುತ್ತಿರುವ ಕೀಲಿ ಇಲ್ಲಿ ಒಲೆಯ ಮುಂದೆ ಕುಂತ ಅವ್ವನ, ಸೊಸೆಯ ಬೆರಳಲ್ಲಿದೆ!

‘ಸಪ್ಪಗ ಹ್ಯಾಂಗ ಉಣ್ಣಲೇ ಯವ್ವಾ?’ ಎಂದು ಮುದುಕರು ಕೇಳುತ್ತಾರೆ. ನಿಜವಾದ ಕಷ್ಟ. ಆದರೆ ನಾಲಗೆಯೂ ಬದಲಾಗುತ್ತದೆ: ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದರೆ ಎರಡು-ಮೂರು ತಿಂಗಳಲ್ಲಿ ಕಡಿಮೆ ಉಪ್ಪೇ ಸಾಕೆನಿಸುತ್ತದೆ, ಹಳೆಯ ಅಡುಗೆ ಬಾಯಿಗೆ ಉಪ್ಪುಪ್ಪಾಗುತ್ತದೆ. ಪುಂಡಿಯ ಹುಳಿ, ಲಿಂಬೆ, ಬೆಳ್ಳುಳ್ಳಿ, ಹುರಿದ ಗುರೆಳ್ಳು ನೆರವಿಗಿವೆ. ಅಂಗಡಿಯ ‘ಲೋ ಸೋಡಿಯಂ’ ಉಪ್ಪು ಮಾತ್ರ ಬೇರೆ ವಿಷಯ. ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಅದು ಪಾರ್ಶ್ವವಾಯುವನ್ನು ಶೇ 14ರಷ್ಟು ಕಡಿಮೆ ಮಾಡಿದ್ದು ನಿಜ. ಆದರೆ ಮೂತ್ರಪಿಂಡ ಕುಂದಿದವರಿಗೆ, ಸ್ಪೈರೊನೊಲ್ಯಾಕ್ಟೋನ್‌ನಂಥ ಹೃದಯದ ಗುಳಿಗೆ ತಿನ್ನುವವರಿಗೆ ಅದೇ ಜೀವಕ್ಕೆ ಅಪಾಯವಾದೀತು. ರಾಯಚೂರಿನ ನಲವತ್ತು ದಾಟುವ ಬಿಸಿಲಲ್ಲಿ ಬೆವರು ಸುರಿಸುವ, ಮೂತ್ರ ಹೋಗುವ ಗುಳಿಗೆ ನುಂಗುವ ರೋಗಿ ಉಪ್ಪನ್ನು ಪೂರ್ತಿ ಬಿಡುವುದೂ ತಪ್ಪು. ಎಷ್ಟು ಎಂಬುದನ್ನು ಅವರನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು.

ಆ 806 ಜನರು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ಮೆಕ್ಸಿಕೊ, ಕೊಲಂಬಿಯಾ, ಚಿಲಿಯವರು. ಭಾರತ ಆ ಪಟ್ಟಿಯಲ್ಲಿ ಇರಲಿಲ್ಲ. ರೊಟ್ಟಿ ಸಪ್ಪೆ, ಚಟ್ನಿ ಉಪ್ಪು ಎಂಬ ಊಟದ ಮೇಲೆ, ಎಂಟು ಗ್ರಾಂನಿಂದ ಐದಕ್ಕೆ ಇಳಿದರೆ ದಣಿದ ಹೃದಯಕ್ಕೆ ಏನಾಗುತ್ತದೆ ಎಂದು ಅಂಥದೇ ಅಧ್ಯಯನ ನಡೆಯಬೇಕು. ರಾಯಚೂರಿನಲ್ಲಿ ವೈದ್ಯಕೀಯ ಕಾಲೇಜಿದೆ, ಒಪೆಕ್ ಆಸ್ಪತ್ರೆಯಿದೆ, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯಿದೆ. ಅವರು ಮೊದಲು ಬರಬೇಕಾದದ್ದು ದೇವದುರ್ಗದ ಅಡುಗೆಮನೆಗಳಿಗೆ, ಒಂದು ತಕ್ಕಡಿ ಹಿಡಿದುಕೊಂಡು.