ಮನೆಯ ಜಾಲಕ್ಕೆ ಈಥರ್ನೆಟ್ ಕೇಬಲ್

ಈಥರ್ನೆಟ್ ಕೇಬಲ್ ಎಂಬುದು ರೂಟರ್, ಗಣಕಯಂತ್ರ, ಟಿ.ವಿ. ಮೊದಲಾದ ಸಾಧನಗಳನ್ನು ಒಂದೇ ಜಾಲಕ್ಕೆ ಜೋಡಿಸುವ ತಂತಿ. ಇದರೊಳಗೆ ತಾಮ್ರದ ಎಂಟು ಎಳೆಗಳು ಎರಡೆರಡಾಗಿ ಹುರಿಗೊಂಡು ನಾಲ್ಕು ಜೋಡಿಗಳಾಗಿರುತ್ತವೆ. ಹೀಗೆ ಹುರಿಗೊಳಿಸುವುದರಿಂದ ಹೊರಗಿನ ವಿದ್ಯುತ್ ಅಡಚಣೆಯು ಜೋಡಿಯ ಎರಡೂ ಎಳೆಗಳ ಮೇಲೆ ಬಹುಮಟ್ಟಿಗೆ ಸಮನಾಗಿ ಬಿದ್ದು, ಸ್ವೀಕರಿಸುವ ತುದಿಯಲ್ಲಿ ರದ್ದಾಗುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರು ಈ ವಿಧಾನಕ್ಕೆ 1881ರಲ್ಲಿ ಪೇಟೆಂಟ್ ಪಡೆದರು.

ಬಳಕೆಯ ಸಂದರ್ಭ

ಬೆಂಗಳೂರಿನ ಉತ್ತರಕ್ಕೆ, ವಿಮಾನ ನಿಲ್ದಾಣದ ಹಾದಿಯಲ್ಲಿರುವ ಹುಣಸಮಾರನಹಳ್ಳಿಯಂತಹ ಊರುಗಳಲ್ಲಿ ಆಪ್ಟಿಕಲ್ ಫೈಬರ್ ಸಂಪರ್ಕವು ಮನೆಯವರೆಗೆ ಬರುತ್ತದೆ. ಅಲ್ಲಿಂದ ಮುಂದಿನ ವೇಗವು ಮನೆಯೊಳಗಿನ ವೈ-ಫೈ ಅಥವಾ ತಂತಿಯನ್ನು ಅವಲಂಬಿಸಿದೆ. ಕಾಂಕ್ರೀಟ್ ಚಾವಣಿಯು ವೈ-ಫೈ ಸಂಕೇತವನ್ನು ಕುಗ್ಗಿಸುವುದರಿಂದ, ಕೆಳಮಹಡಿಯ ರೂಟರ್‌ನಿಂದ ಮೇಲ್ಮಹಡಿಗೆ ಒಂದು ಕೇಬಲ್ ಎಳೆಯುವುದು ಕಡಿಮೆ ಖರ್ಚಿನ ಪರಿಹಾರವಾಗಿದೆ.

ವರ್ಗಗಳು

ಕೇಬಲ್‌ಗಳನ್ನು ಅವುಗಳ ಸಾಮರ್ಥ್ಯಕ್ಕೆ ಅನುಗುಣವಾಗಿ ವಿಂಗಡಿಸಲಾಗಿದೆ.

- ಕ್ಯಾಟ್ 5ಇ: 100 ಮೆಗಾಹರ್ಟ್ಸ್, 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್.
- ಕ್ಯಾಟ್ 6: 250 ಮೆಗಾಹರ್ಟ್ಸ್, ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್.
- ಕ್ಯಾಟ್ 6ಎ: 500 ಮೆಗಾಹರ್ಟ್ಸ್, 100 ಮೀಟರ್‌ವರೆಗೆ 10 ಗಿಗಾಬಿಟ್.
- ಕ್ಯಾಟ್ 8: 2000 ಮೆಗಾಹರ್ಟ್ಸ್, ಸುಮಾರು 30 ಮೀಟರ್‌ವರೆಗೆ 40 ಗಿಗಾಬಿಟ್. ಇದು ದತ್ತಾಂಶ ಕೇಂದ್ರಗಳಿಗಾಗಿ ರೂಪುಗೊಂಡುದು.

ಗೃಹಬಳಕೆಯ 100 ಅಥವಾ 300 ಮೆಗಾಬಿಟ್ ಸಂಪರ್ಕಕ್ಕೆ ಕ್ಯಾಟ್ 5ಇ ಸಾಕಾಗುತ್ತದೆ. ದುಬಾರಿ ಕೇಬಲ್ ಹಾಕಿದ ಮಾತ್ರಕ್ಕೆ ಸಂಪರ್ಕದ ವೇಗ ಹೆಚ್ಚುವುದಿಲ್ಲ. ಆದರೆ ಗೋಡೆಯೊಳಗೆ ಹುದುಗಿಸುವಾಗ ಕ್ಯಾಟ್ 6 ಸೂಕ್ತ. ಮುಂದೆ ಬದಲಿಸುವ ಅಗತ್ಯ ಬಿದ್ದರೆ ಗೋಡೆ ಒಡೆಯುವ ಖರ್ಚು ಕೇಬಲ್ ಬೆಲೆಗಿಂತ ಬಹಳ ಹೆಚ್ಚು.

ತಾಮ್ರ ಮತ್ತು ಅಲ್ಯೂಮಿನಿಯಂ

ಉಳಿತಾಯದ ಹೆಸರಿನಲ್ಲಿ ನಷ್ಟವಾಗುವುದು ಸಾಮಾನ್ಯವಾಗಿ ವರ್ಗದಲ್ಲಲ್ಲ, ಲೋಹದಲ್ಲಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ ಕೊಟ್ಟ ಕೇಬಲ್‌ಗಳು ಅಗ್ಗವಾಗಿ ದೊರೆಯುತ್ತವೆ. ಇವುಗಳನ್ನು ಸಿ.ಸಿ.ಎ. ಎಂದು ಗುರುತಿಸುತ್ತಾರೆ. ಕ್ಯಾಟ್ ವರ್ಗಗಳ ಮಾನದಂಡವು ತಾಮ್ರದ ಎಳೆಗಳನ್ನೇ ಬಯಸುವುದರಿಂದ ಇವು ಆ ಮಾನದಂಡಕ್ಕೆ ಒಳಪಡುವುದಿಲ್ಲ. ಇವುಗಳ ವಿದ್ಯುತ್ ರೋಧ ಹೆಚ್ಚು. ಬಾಗಿಸಿದರೆ ಬೇಗ ಮುರಿಯುತ್ತವೆ. ಕ್ಯಾಮೆರಾಗಳಿಗೆ ಇದೇ ತಂತಿಯ ಮೂಲಕ ವಿದ್ಯುತ್ ಹರಿಸಿದರೆ ಹೆಚ್ಚು ಬಿಸಿಯಾಗುತ್ತವೆ. ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅದು ಅಲ್ಯೂಮಿನಿಯಂ ಇರುವುದರ ಸೂಚನೆ. ಶುದ್ಧ ತಾಮ್ರದ ಕೇಬಲ್ ಕೈಗೆ ಭಾರವಾಗಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಬಿಲ್ಲಿನಲ್ಲಿ ‘ಶುದ್ಧ ತಾಮ್ರ’ ಎಂದು ಬರೆಸಿಕೊಳ್ಳುವುದು ಒಳಿತು. ಪೂರ್ಣ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 305 ಮೀಟರ್ ಇರುತ್ತದೆ. ಒಂದು ಮನೆಗೆ ಅಷ್ಟು ಬೇಕಾಗುವುದು ಅಪರೂಪ.

ಅಳವಡಿಕೆ

ಕೇಬಲನ್ನು ವಿದ್ಯುತ್ ತಂತಿಯ ಕೊಳವೆಯಲ್ಲಿ ಸೇರಿಸದೆ ಪ್ರತ್ಯೇಕ ಕೊಳವೆಯಲ್ಲಿ ಒಯ್ಯಬೇಕು. ತುದಿಗೆ ಕನೆಕ್ಟರ್ ಕೂರಿಸುವಾಗ ಜೋಡಿಗಳ ಹುರಿಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಎರಡು ಕಟ್ಟಡಗಳ ನಡುವೆ ಫೈಬರ್ ಉತ್ತಮ. ಗಾಜಿನ ಎಳೆಯು ಸಿಡಿಲಿನ ವಿದ್ಯುತ್ತನ್ನು ಹರಿಸುವುದಿಲ್ಲ.

ಪರೀಕ್ಷೆ

100 ಮೆಗಾಬಿಟ್ ಸಂಪರ್ಕಕ್ಕೆ ಎರಡು ಜೋಡಿಗಳು ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಆದ್ದರಿಂದ ಒಂದು ಎಳೆ ಮುರಿದರೂ ಅಂತರ್ಜಾಲ ನಡೆಯುತ್ತಿರಬಹುದು, ಆದರೆ ವೇಗ 100ಕ್ಕೆ ಇಳಿದಿರುತ್ತದೆ. ಗಿಗಾಬಿಟ್ ಸಾಧನಗಳಿದ್ದೂ ಗಣಕಯಂತ್ರದ ಜಾಲ ವಿವರದಲ್ಲಿ 1000ದ ಬದಲು 100 ಎಂದು ಕಂಡರೆ, ಸೇವಾದಾತರಿಗೆ ದೂರುವ ಮುನ್ನ ಕನೆಕ್ಟರ್ ಮತ್ತು ಕೇಬಲ್ಲನ್ನು ಪರೀಕ್ಷಿಸಬೇಕು.