ಹರಳಿನೊಳಗಿನ ಕೋಣೆಗಳು

ತೈಲಬಾವಿಗಳಿರುವ ಪ್ರದೇಶದಲ್ಲಿ ರಾತ್ರಿಯ ವೇಳೆ ಪ್ರಯಾಣ ಮಾಡಿದವರು ಒಂದು ವಿಚಿತ್ರ ನೋಟವನ್ನು ಕಂಡಿರುತ್ತಾರೆ. ಎತ್ತರವಾದ ಕೊಳವೆಯೊಂದರ ತುದಿಯಲ್ಲಿ ಹಗಲಿರುಳೆನ್ನದೆ ಜ್ವಾಲೆ ಧಗಧಗಿಸುತ್ತಿರುತ್ತದೆ. ಅದರಿಂದ ಯಾರ ಮನೆಯ ಅಡಿಗೆಯೂ ಆಗುವುದಿಲ್ಲ. ಯಾವ ಯಂತ್ರವೂ ನಡೆಯುವುದಿಲ್ಲ. ತೈಲದೊಡನೆ ನೆಲದಾಳದಿಂದ ಮೇಲೇರಿ ಬರುವ ಅನಿಲವನ್ನು ಸಾಗಿಸುವ ಅನುಕೂಲವಿಲ್ಲದೆ ಅಲ್ಲಿಯೇ ಸುಟ್ಟುಬಿಡುತ್ತಾರೆ. 2023ನೆಯ ಇಸವಿಯೊಂದರಲ್ಲಿಯೇ ಪ್ರಪಂಚದಲ್ಲಿ ಹೀಗೆ ಸುಟ್ಟುಹೋದ ಅನಿಲ ಸುಮಾರು 148 ಶತಕೋಟಿ ಘನಮೀಟರುಗಳೆಂದು ವಿಶ್ವಬ್ಯಾಂಕು ಅಂದಾಜು ಮಾಡಿದೆ. ಸುಡದೆ ಹಾಗೆಯೇ ಬಿಡುವುದು ಇನ್ನೂ ಕೆಟ್ಟದ್ದು. ಈ ಅನಿಲದ ಮುಖ್ಯಭಾಗವಾದ ಮೀಥೇನ್, ಇಪ್ಪತ್ತು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿಮಾಡುತ್ತದೆ.

ಈ ಅನಿಲವನ್ನು ದ್ರವವಾಗಿಸಿ ಪೀಪಾಯಿಗಳಲ್ಲಿ ತುಂಬಿ ಸಾಗಿಸಬಾರದೇಕೆ? ಶೂನ್ಯಕ್ಕಿಂತ 161 ಸೆಲ್ಸಿಯಸ್ ಡಿಗ್ರಿಗಳಷ್ಟು ಕೆಳಕ್ಕೆ ತಂಪುಗೊಳಿಸಿದಲ್ಲದೆ, ಸಾಧಾರಣ ಒತ್ತಡದಲ್ಲಿ ಮೀಥೇನ್ ದ್ರವವಾಗದು. ಆದರೆ ಅದರ ಅಣುವಿಗೆ ಆಮ್ಲಜನಕದ ಒಂದೇ ಒಂದು ಪರಮಾಣುವನ್ನು ಸೇರಿಸಿದರೆ ಮೆಥನಾಲ್ ಎಂಬ ಮದ್ಯಸಾರವಾಗುತ್ತದೆ. ಅದು ನೀರಿನಂತೆ ಹರಿಯುವ ದ್ರವ. ಕುಡಿದರೆ ಕಣ್ಣನ್ನೂ ಪ್ರಾಣವನ್ನೂ ಕಳೆಯುವ ವಿಷ, ನಿಜ. ಆದರೆ ಕೈಗಾರಿಕೆಗೆ ಬಹು ಬೇಕಾದ ಕಚ್ಚಾವಸ್ತು. ಒಂದು ಪರಮಾಣುವನ್ನು ಸೇರಿಸುವುದು ಹೇಳಲು ಎಷ್ಟು ಸುಲಭ!

ಮೀಥೇನ್, ಈಥೇನ್, ಪ್ರೋಪೇನ್, ಬ್ಯೂಟೇನ್‌ಗಳು ಲಘು ಆಲ್ಕೇನುಗಳೆಂಬ ಒಂದೇ ಕುಟುಂಬಕ್ಕೆ ಸೇರಿದವು. ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿರುವುದು ಈ ಪೈಕಿ ಕೊನೆಯ ಎರಡು. ಈ ಕುಟುಂಬಕ್ಕೆ ಹಿಂದಿನ ರಸಾಯನಶಾಸ್ತ್ರಜ್ಞರು ಪ್ಯಾರಾಫಿನ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಒಲವು ಕಡಿಮೆ’ ಎಂದರ್ಥ. ಇವು ಬೇರೆ ವಸ್ತುಗಳೊಡನೆ ಸುಲಭವಾಗಿ ಬೆರೆಯುವುದಿಲ್ಲ. ಇಂಗಾಲಕ್ಕೂ ಜಲಜನಕಕ್ಕೂ ಇರುವ ಬಂಧ ಅಷ್ಟು ಬಿಗಿಯಾದದ್ದು. ಅದನ್ನು ಮುರಿಯಲು ಅತಿಯಾಗಿ ಕಾಯಿಸಿದರೆ ಬೇರೊಂದು ತೊಡಕು ಎದುರಾಗುತ್ತದೆ. ಹುಟ್ಟಿದ ಮೆಥನಾಲ್ ಮೀಥೇನಿಗಿಂತಲೂ ಬೇಗನೆ ಆಮ್ಲಜನಕದೊಡನೆ ಕೂಡಿ, ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಕ್ರಿಯೆಯನ್ನು ಆರಂಭಿಸುವುದಕ್ಕಿಂತ ನಡುದಾರಿಯಲ್ಲಿ ನಿಲ್ಲಿಸುವುದೇ ಹೆಚ್ಚು ಕಷ್ಟ. ಕಾರ್ಖಾನೆಗಳು ಈ ಕಷ್ಟವನ್ನು ಬಿಡಿಸಿಲ್ಲ, ಬಳಸಿಕೊಂಡು ಹೋಗಿವೆ. ಮೀಥೇನನ್ನು ನೀರಾವಿಯೊಡನೆ 800 ಡಿಗ್ರಿಗೂ ಮೇಲೆ ಕಾಯಿಸಿ ಒಡೆದು, ಬಂದ ಅನಿಲಗಳನ್ನು ಹೆಚ್ಚಿನ ಒತ್ತಡದಲ್ಲಿ ಮತ್ತೆ ಜೋಡಿಸಿ ಮೆಥನಾಲ್ ಮಾಡುತ್ತಾರೆ. ಇದಕ್ಕೆ ಬೃಹತ್ ಸ್ಥಾವರವೇ ಬೇಕು. ದೂರದ ಒಂಟಿ ತೈಲಬಾವಿಯ ಬಳಿ ಅದನ್ನು ಕಟ್ಟುವವರಾರು?

ಇದೇ ಕೆಲಸವನ್ನು ಬತ್ತದ ಗದ್ದೆಯ ಕೆಸರಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಬೆಂಕಿಯಿಲ್ಲದೆ ಮಾಡುತ್ತವೆ. ಮೀಥೇನೇ ಅವುಗಳ ಆಹಾರ. ಅವುಗಳಲ್ಲಿರುವ ಒಂದು ಕಿಣ್ವ ಮೀಥೇನನ್ನು ಮೆಥನಾಲಾಗಿಸಿ ತನ್ನ ಪಾಲಿನ ಕೆಲಸವನ್ನು ಅಲ್ಲಿಗೆ ನಿಲ್ಲಿಸುತ್ತದೆ. ಈ ಕಿಣ್ವದಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಕಬ್ಬಿಣ, ಇನ್ನೊಂದರಲ್ಲಿ ತಾಮ್ರ ಕೆಲಸಗಾರ. ಕೆಲವೇ ಲೋಹದ ಪರಮಾಣುಗಳು ಪ್ರೋಟೀನಿನ ಮಡಿಕೆಯೊಳಗೆ, ಸಂದಣಿಯಿಂದ ದೂರವಾಗಿ ಕುಳಿತಿರುತ್ತವೆ. ಅಂತಹ ಏಕಾಂತದ ಕೋಣೆಯನ್ನು ಮನುಷ್ಯನು ಕಟ್ಟಬಲ್ಲನೆ?

ಕಟ್ಟುವ ವಿದ್ಯೆಯ ಮೂಲ ಆಸ್ಟ್ರೇಲಿಯದ ಒಂದು ತರಗತಿಯಲ್ಲಿದೆ. 1974ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ರಿಚರ್ಡ್ ರಾಬ್ಸನ್ ಅವರು ವಿದ್ಯಾರ್ಥಿಗಳಿಗೆ ಅಣುಗಳ ರಚನೆಯನ್ನು ತೋರಿಸಲು ಮರದ ಚೆಂಡುಗಳನ್ನು ಸಿದ್ಧಪಡಿಸುತ್ತಿದ್ದರು. ಕಡ್ಡಿಗಳನ್ನು ಸಿಕ್ಕಿಸಲು ಚೆಂಡುಗಳಲ್ಲಿ ರಂಧ್ರ ಕೊರೆಯಬೇಕಾಗಿತ್ತು. ರಂಧ್ರಗಳು ಸರಿಯಾದ ಸ್ಥಳದಲ್ಲಿದ್ದರೆ ಜೋಡಣೆ ತಾನಾಗಿಯೇ ಸರಿಹೋಗುವುದೆಂಬುದನ್ನು ಅವರು ಗಮನಿಸಿದರು. ಚೆಂಡಿಗೆ ಬದಲಾಗಿ ಲೋಹದ ಅಯಾನು, ಕಡ್ಡಿಗೆ ಬದಲಾಗಿ ಸಾವಯವ ಅಣು ಇದ್ದರೆ? ಈ ಯೋಚನೆ ಅವರ ಮನಸ್ಸಿನಲ್ಲಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಇತ್ತು. 1989ರಲ್ಲಿ ತಾಮ್ರವನ್ನೂ ನಾಲ್ಕು ತೋಳುಗಳ ಅಣುವನ್ನೂ ಕೂಡಿಸಿ, ವಜ್ರದ ವಿನ್ಯಾಸವುಳ್ಳ, ಆದರೆ ಒಳಗೆ ವಿಶಾಲವಾದ ಪೊಳ್ಳುಗಳಿರುವ ಹರಳನ್ನು ಅವರು ಪ್ರಕಟಿಸಿದರು. ಇಂತಹ ಹರಳುಗಳೇ ಲೋಹ-ಸಾವಯವ ಚೌಕಟ್ಟುಗಳು. ಮುಂದೆ ಜಪಾನಿನ ಸುಸುಮು ಕಿತಗಾವ ಇವುಗಳ ಪೊಳ್ಳಿನೊಳಗೆ ಅನಿಲಗಳು ಹೋಗಿಬರಬಲ್ಲವೆಂದು ತೋರಿಸಿದರು. ಅಮೆರಿಕದಲ್ಲಿ ಒಮರ್ ಯಾಘಿ 1999ರಲ್ಲಿ ರಚಿಸಿದ ಚೌಕಟ್ಟು, ಒಳಗೆ ಬರಿದಾಗಿದ್ದರೂ 300 ಡಿಗ್ರಿ ಶಾಖಕ್ಕೆ ಕುಸಿಯಲಿಲ್ಲ. ಅದರ ಎರಡು ಮೂರು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಹರಡಿದರೆ ಒಂದು ಫುಟ್‌ಬಾಲ್ ಮೈದಾನದಷ್ಟಾಗುತ್ತದೆ! ಮೂವರಿಗೂ 2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ತಾನು ಸವೆಯದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿಗೆ ಕ್ರಿಯಾವರ್ಧಕವೆಂದು ಹೆಸರು. ಲೋಹ-ಸಾವಯವ ಚೌಕಟ್ಟು ಒಳ್ಳೆಯ ಕ್ರಿಯಾವರ್ಧಕವಾಗಬಲ್ಲುದೆಂಬ ಆಸೆಗೆ 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬಲ ಕೊಟ್ಟಿತು. ಅದನ್ನು ನಡೆಸಿದವರು ಕ್ಯಾಲಿಫೋರ್ನಿಯದ ಬರ್ಕ್‌ಲಿಯ ಜೆಫ್ರಿ ಲಾಂಗ್ ಮತ್ತು ಅವರ ಸಂಗಡಿಗರು. ಅವರು ಆರಿಸಿಕೊಂಡ ಚೌಕಟ್ಟಿನಲ್ಲಿ ಜೇನುಗೂಡಿನಂತೆ ಆರು ಮೂಲೆಯ ಸುರಂಗಗಳಿವೆ. ಸುರಂಗದ ಅಂಚಿನಲ್ಲಿರುವ ಕಬ್ಬಿಣದ ಪರಮಾಣುವಿಗೆ ಐದು ಕಡೆ ನೆರೆಯವರು. ಆರನೆಯ ಕಡೆ ತೆರವು. ನೈಟ್ರಸ್ ಆಕ್ಸೈಡ್ ಅನಿಲ ತನ್ನ ಆಮ್ಲಜನಕವನ್ನು ಆ ತೆರವಿನಲ್ಲಿ ಬಿಟ್ಟುಹೋಗುತ್ತದೆ. ಆ ಆಮ್ಲಜನಕ ಪಕ್ಕದಲ್ಲಿ ಸುಳಿಯುವ ಈಥೇನಿನ ಬಂಧವನ್ನು ಮುರಿದು ಅದರೊಳಗೆ ಸೇರಿಕೊಳ್ಳುತ್ತದೆ. ಈಥೇನ್ ಎಥನಾಲ್ ಆಗುತ್ತದೆ, ಅದೂ ಕೇವಲ 75 ಡಿಗ್ರಿಯಲ್ಲಿ! ಬರಿಯ ಕಬ್ಬಿಣದ ಚೌಕಟ್ಟಿನಲ್ಲಿ ಬೇಡದ ಉತ್ಪನ್ನಗಳೂ ಬೆರೆತು ಬಂದವು. ಹತ್ತೊಂಬತ್ತು ಮೆಗ್ನೀಸಿಯಂ ಪರಮಾಣುಗಳಿಗೆ ಒಂದು ಕಬ್ಬಿಣದಂತೆ ದೂರದೂರವಿಟ್ಟಾಗ ಎಥನಾಲೇ ಪ್ರಧಾನವಾಯಿತು. ಗದ್ದೆಯ ಸೂಕ್ಷ್ಮಜೀವಿಯಲ್ಲಿ ಕಂಡ ಏಕಾಂತದ ಗುಣ ಇಲ್ಲಿಯೂ ಫಲಿಸಿತು.

ಆದರೆ ಪ್ರತಿಯೊಂದು ಕಬ್ಬಿಣದ ಪರಮಾಣು ಸರಾಸರಿಯಲ್ಲಿ ಒಂದೆರಡು ಅಣುಗಳನ್ನು ಮಾತ್ರ ಪರಿವರ್ತಿಸಿತು. ಕಾರ್ಖಾನೆಯ ಕ್ರಿಯಾವರ್ಧಕ ಸಾವಿರಾರು ಬಾರಿ ದುಡಿಯಬೇಕು. ಪ್ರೋಪೇನಿನಿಂದ ಜಲಜನಕವನ್ನು ಬಿಡಿಸಿ, ಪ್ಲಾಸ್ಟಿಕ್ಕಿಗೆ ಬೇಕಾದ ಪ್ರೊಪಿಲೀನನ್ನು ಪಡೆಯುವ ಕೈಗಾರಿಕೆಯಲ್ಲಿ ಸುಮಾರು 600 ಡಿಗ್ರಿ ಶಾಖವಿರುತ್ತದೆ. ಸಾವಯವ ಕಡ್ಡಿಗಳು ಅಲ್ಲಿ ಸುಟ್ಟು ಕರಕಾಗುತ್ತವೆ. ನೈಟ್ರಸ್ ಆಕ್ಸೈಡೂ ಗಾಳಿಯಂತೆ ಪುಕ್ಕಟೆಯಾಗಿ ದೊರೆಯುವ ವಸ್ತುವಲ್ಲ. ಆದುದರಿಂದ ಸಂಶೋಧಕರ ದೃಷ್ಟಿ ಈಗ ಆಮ್ಲಜನಕದ ಅಣುವನ್ನೇ ತಣ್ಣಗಿನ ಸ್ಥಿತಿಯಲ್ಲಿ ಬಳಸುವುದರ ಮೇಲಿದೆ. 2022ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದವರನ್ನೊಳಗೊಂಡ ತಂಡವೊಂದು, ಒಂಟಿ ಕಬ್ಬಿಣದ ನೆಲೆಗಳಿರುವ ಚೌಕಟ್ಟಿನ ಮೇಲೆ ಮೀಥೇನ್ ಮತ್ತು ಆಮ್ಲಜನಕ ಕರಗಿದ ನೀರನ್ನು ಹರಿಸಿ, ಬೆಳಕನ್ನು ಬೀರಿತು. ಸಾಧಾರಣ ಉಷ್ಣತೆಯಲ್ಲಿಯೇ ಮೆಥನಾಲ್ ದೊರೆಯಿತು. ಇಂಗಾಲದ ಡೈಆಕ್ಸೈಡ್ ಹುಟ್ಟಲಿಲ್ಲ.