ಜೀವಭೌತಶಾಸ್ತ್ರ ಮತ್ತು ಜೀವಭಂಡಾರ: ಅಡಕೆಯೊಂದು ನಿದರ್ಶನ

ಸುಳ್ಯ ತಾಲ್ಲೂಕಿನ ಐವರ್ನಾಡು ಮೊದಲಾದ ಗ್ರಾಮಗಳಲ್ಲಿ ಅಡಕೆಯೇ ಮುಖ್ಯ ಜೀವನಾಧಾರ. ಇದೇ ತಾಲ್ಲೂಕಿನ ಅನೇಕ ತೋಟಗಳನ್ನು ಹಳದಿ ಎಲೆ ರೋಗವು ಹಾಳುಗೆಡವಿದೆ. ಫೈಟೊಪ್ಲಾಸ್ಮವೆಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗವನ್ನು ಗುಣಪಡಿಸುವ ಮದ್ದಿಲ್ಲ. ಆದರೆ ರೋಗ ಹರಡಿದ ತೋಟದಲ್ಲಿಯೂ ಕೆಲವು ಮರಗಳು ಹಸುರಾಗಿ ಉಳಿಯುವುದುಂಟು. ಅಂತಹ ಮರಗಳ ಸಂತತಿಯನ್ನು ಕಾಪಾಡುವ ಪ್ರಶ್ನೆಯಲ್ಲಿ ಜೀವಭೌತಶಾಸ್ತ್ರವೂ ಜೀವಭಂಡಾರವೂ ಸಂಧಿಸುತ್ತವೆ.

ಬೀಜ, ಪರಾಗ, ಅಂಗಾಂಶಗಳನ್ನು ಅವುಗಳ ಮೂಲದ ವಿವರಗಳೊಡನೆ ಕಾಪಿಡುವ ಸಂಗ್ರಹವೇ ಜೀವಭಂಡಾರ. ಭತ್ತದ ಬೀಜವನ್ನು ಚೆನ್ನಾಗಿ ಒಣಗಿಸಿ, ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿಟ್ಟರೆ ಅದು ದಶಕಗಳ ಕಾಲ ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಅಡಕೆಯ ಬೀಜವಾದರೋ ಒಣಗಿದರೆ ಸಾಯುತ್ತದೆ. ಹಸಿಯಾಗಿಯೇ ಹೆಪ್ಪುಗಟ್ಟಿಸಿದರೂ ಸಾಯುತ್ತದೆ. ಆದುದರಿಂದಲೇ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಅಡಕೆಯ ತಳಿಗಳನ್ನು ನಿಂತ ಮರಗಳಾಗಿಯೇ ಪೋಷಿಸಲಾಗಿದೆ. ನಿಂತ ಮರಕ್ಕೆ ರೋಗ, ಗಾಳಿ, ಸಿಡಿಲುಗಳ ಭಯ ತಪ್ಪಿದ್ದಲ್ಲ.

ಈ ತೊಡಕಿನ ಮೂಲ ನೀರಿನಲ್ಲಿದೆ. ಜೀವಕೋಶವನ್ನು ಬೇಗನೆ ತಣಿಸಿದರೆ ಒಳಗೆ ಹಿಮದ ಹರಳುಗಳು ಹುಟ್ಟಿ ಪೊರೆಯನ್ನು ಹರಿಯುತ್ತವೆ. ನಿಧಾನವಾಗಿ ತಣಿಸಿದರೆ ನೀರು ಹೊರಕ್ಕೆ ಸೋರಿ ಕೋಶವು ಬಾಡುತ್ತದೆ. ತಣಿಸುವ ವೇಗಕ್ಕೂ ನೀರು ಹೊರಬೀಳುವ ವೇಗಕ್ಕೂ ಇರುವ ಸಂಬಂಧವನ್ನು ಪೀಟರ್ ಮಜೂರ್ 1963ರಲ್ಲಿ ಗಣಿತದ ರೂಪದಲ್ಲಿ ನಿರೂಪಿಸಿದರು. ಹರಳುಗಟ್ಟುವುದನ್ನೇ ತಡೆಯುವುದು ಇನ್ನೊಂದು ಉಪಾಯ. ಸಕ್ಕರೆಯ ಪಾಕವು ಹದ ತಪ್ಪಿದರೆ ಮರಳುಮರಳಾಗುತ್ತದೆ. ಹದವಾಗಿದ್ದರೆ ಗಾಜಿನಂತೆ ನಿಲ್ಲುತ್ತದೆ. ಅಂತೆಯೇ ಬೀಜದಿಂದ ಬೇರ್ಪಡಿಸಿದ ಭ್ರೂಣವನ್ನು ಸಕ್ಕರೆಯ ಸಾಂದ್ರ ದ್ರಾವಣದಲ್ಲಿಟ್ಟು, ಮಿತವಾಗಿ ಒಣಗಿಸಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಉಳಿದ ನೀರು ಹರಳಾಗದೆ ಗಾಜಾಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ತೆಂಗಿನ ಭ್ರೂಣ ಮತ್ತು ಪರಾಗಗಳನ್ನು ದ್ರವ ಸಾರಜನಕದಲ್ಲಿ ಕಾಪಿಡುವ ಪ್ರಯೋಗಗಳು ನಡೆದಿವೆ.

ಭಂಡಾರದಿಂದ ಭೌತಶಾಸ್ತ್ರಕ್ಕೂ ಲಾಭವಿದೆ. ಮೂಲ ತಿಳಿದ ನಾನಾ ತಳಿಗಳ ಭ್ರೂಣಗಳು ದೊರೆತರೆ, ಅವುಗಳ ನೀರಿನ ಅಂಶವೂ ಪೊರೆಯ ಗುಣವೂ ಹೇಗೆ ಬೇರೆಯಾಗಿವೆ ಎಂಬುದನ್ನು ಅಳೆಯಬಹುದು. ಲೆಕ್ಕವು ಸರಿಯಾಗಿತ್ತೇ ಎಂಬುದನ್ನು ಕೊನೆಗೆ ಮೊಳಕೆಯೇ ಹೇಳುತ್ತದೆ.

ಒಂದು ಮಿತಿಯನ್ನು ಇಲ್ಲಿ ಮರೆಯಲಾಗದು. ಅಡಕೆಯಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚು. ಒಂದು ಭ್ರೂಣವು ತಾಯಿಮರದ ಪ್ರತಿರೂಪವಲ್ಲ. ಆದಕಾರಣ ಅನೇಕ ಭ್ರೂಣಗಳನ್ನೂ ಪರಾಗವನ್ನೂ ಸಂಗ್ರಹಿಸಬೇಕು. ಹಸುರಾಗಿ ಉಳಿದ ಮರವು ಬೀಳುವ ಮೊದಲೇ ಈ ಕಾರ್ಯ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ.